ಹೆಪಟೈಟಿಸ್ ಸಿ ಮಾತ್ರೆ ಎಷ್ಟು ವಾರ: 84 ದಿನದ ಲೆಕ್ಕ, 168 ದಿನದ ಲೆಕ್ಕ

ಹೆಪಟೈಟಿಸ್ ಸಿ ಮಾತ್ರೆಯ ಡಬ್ಬಿಯಲ್ಲಿ 28 ಮಾತ್ರೆ ಇರುತ್ತವೆ, 30 ಅಲ್ಲ. ಇಷ್ಟು ಸಣ್ಣ ವ್ಯತ್ಯಾಸದಲ್ಲೇ ಚಿಕಿತ್ಸೆ ಎಡವುವುದುಂಟು. ಜನವರಿ 1ರಂದು ಶುರು ಮಾಡಿದವರ ಮೊದಲ ಡಬ್ಬಿ ಜನವರಿ 28ರ ರಾತ್ರಿಗೇ ಖಾಲಿ. ‘ಒಂದು ತಿಂಗಳ ಮಾತ್ರೆ’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಫೆಬ್ರವರಿ 1ಕ್ಕೆ ಆಸ್ಪತ್ರೆಗೆ ಹೋದರೆ ನಡುವೆ ಮೂರು ದಿನ ಮಾತ್ರೆಯಿಲ್ಲದೆ ಕಳೆದಿರುತ್ತದೆ. ಆದ್ದರಿಂದ ಮೊದಲ ಮಾತು: ಈ ಚಿಕಿತ್ಸೆಯನ್ನು ತಿಂಗಳಲ್ಲಿ ಎಣಿಸಬೇಡಿ, ವಾರದಲ್ಲಿ ಎಣಿಸಿ. 12 ವಾರ ಅಂದರೆ 84 ದಿನ, ಮೂರು ಡಬ್ಬಿ. 24 ವಾರ ಅಂದರೆ 168 ದಿನ, ಆರು ಡಬ್ಬಿ.

ಇವೆರಡರಲ್ಲಿ ನಿಮಗೆ ಯಾವುದು ಎಂದು ಹೇಳುವುದು ನಿಮ್ಮ ಲಿವರ್‌ನ ಸ್ಥಿತಿ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಐವತ್ತು ಲಕ್ಷ ಬಂದಿದೆಯೋ ಐವತ್ತು ಸಾವಿರ ಬಂದಿದೆಯೋ ಎನ್ನುವುದು ನಮ್ಮಲ್ಲಿ ಕೊಡುವ ಮಾತ್ರೆಗಳ ಅವಧಿಯನ್ನು ಬದಲಿಸುವುದಿಲ್ಲ. ವೈರಲ್ ಲೋಡ್ ವರದಿ ಹಿಡಿದು ನಿದ್ದೆಗೆಡುವವರು ಬಹಳ. ಅದೇ ಫೈಲಿನಲ್ಲಿರುವ ಪ್ಲೇಟ್ಲೆಟ್ ಸಂಖ್ಯೆಯನ್ನು ನೋಡುವವರು ಕಡಿಮೆ. ಅವಧಿಯ ಗುಟ್ಟು ಇರುವುದು ಆ ಸಂಖ್ಯೆಯಲ್ಲೇ.

ಕೇಳಿಬರುವ ಬೇರೆ ಬೇರೆ ಸಂಖ್ಯೆಗಳು

ಒಬ್ಬರು ಒಂದು ವರ್ಷ ಅನ್ನುತ್ತಾರೆ, ಇನ್ನೊಬ್ಬರು ಆರು ತಿಂಗಳು, ವಿದೇಶದಲ್ಲಿರುವ ನೆಂಟರು ಎಂಟೇ ವಾರ ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿ ಸಂಖ್ಯೆಯ ಹಿಂದೆಯೂ ಬೇರೆ ಔಷಧ ಇದೆ.

48 ವಾರ ಎನ್ನುವುದು ಇಂಟರ್‌ಫೆರಾನ್ ಕಾಲದ ಮಾತು. ವಾರಕ್ಕೊಂದು ಪೆಗಿಲೇಟೆಡ್ ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ದಿನವೂ ರೈಬಾವಿರಿನ್. ವೈರಸ್ಸಿನ ತಳಿಗೆ ಜೀನೋಟೈಪ್ ಎನ್ನುತ್ತಾರೆ. ಜೀನೋಟೈಪ್ 1 ಇದ್ದವರಿಗೆ 48 ವಾರ, 2 ಮತ್ತು 3 ಇದ್ದವರಿಗೆ 24 ವಾರ. ಜ್ವರ, ಮೈಕೈ ನೋವು, ಖಿನ್ನತೆ ಎಲ್ಲವನ್ನೂ ಸಹಿಸಿಯೂ ಅನೇಕರಿಗೆ ವೈರಸ್ ಹೋಗುತ್ತಿರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಅನುಮತಿ ಸಿಕ್ಕಿತು. ಮರುವರ್ಷವೇ ಭಾರತದ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ದೊರೆಯಿತು. ಅಲ್ಲಿಂದ ಲೆಕ್ಕವೇ ಬದಲಾಯಿತು. ಇಂದು ಹೊಸದಾಗಿ ಚಿಕಿತ್ಸೆ ಶುರು ಮಾಡುವ ಯಾರಿಗೂ ಆ ಹಳೆಯ 48 ವಾರ ಅನ್ವಯಿಸುವುದಿಲ್ಲ.

8 ವಾರ ಎನ್ನುವುದು ಹೆಚ್ಚಾಗಿ ಗ್ಲೆಕಾಪ್ರೆವಿರ್ ಮತ್ತು ಪಿಬ್ರೆಂಟಾಸ್ವಿರ್ ಜೋಡಿಯದು. ದಿನಕ್ಕೆ ಮೂರು ಮಾತ್ರೆ, ಊಟದ ಜೊತೆಯಲ್ಲೇ. ಅಮೆರಿಕ, ಯುರೋಪಿನಲ್ಲಿ ಇದು ಸಾಮಾನ್ಯ. ನಮ್ಮ ಸರ್ಕಾರಿ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಜೋಡಿ ಇಲ್ಲ. ಸೊಫೊಸ್ಬುವಿರ್ ಮತ್ತು ಲೆಡಿಪಾಸ್ವಿರ್ ಜೋಡಿಯನ್ನೂ 8 ವಾರಕ್ಕೆ ಕೊಡುವುದುಂಟು. ಅದು ಜೀನೋಟೈಪ್ 1 ಇದ್ದು, ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಇಲ್ಲದೆ, ಹಿಂದೆ ಚಿಕಿತ್ಸೆ ಪಡೆಯದೆ, ವೈರಲ್ ಲೋಡ್ 60 ಲಕ್ಷಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರ. ವೈರಲ್ ಲೋಡ್ ನೋಡಿ ಅವಧಿ ಕಡಿಮೆ ಮಾಡುವ ಜಾಗ ಇದು. ‘ವೈರಸ್ ಕಡಿಮೆ ಇದ್ದರೆ ಬೇಗ ಮುಗಿಯುತ್ತದಂತೆ’ ಎಂಬ ಮಾತು ಹುಟ್ಟಿದ್ದೂ ಇಲ್ಲಿಂದಲೇ ಇರಬೇಕು. ಭಾರತದಲ್ಲಿ ಹೆಚ್ಚು ಜನರಲ್ಲಿರುವುದು ಜೀನೋಟೈಪ್ 3. ಅದಕ್ಕೆ ಈ ರಿಯಾಯಿತಿ ಇಲ್ಲ.

ಉಳಿದದ್ದು 12 ಮತ್ತು 24. ನಮಗೆ ಸಂಬಂಧಪಟ್ಟ ಸಂಖ್ಯೆಗಳು ಇವೇ.

ಲಿವರ್ ಯಾವ ಹಂತದಲ್ಲಿದೆ ಎಂದು ತಿಳಿಯುವುದು

ಮೊದಲು ಒಂದು ಮಾತು ಖಚಿತವಾಗಬೇಕು. ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಮಾತ್ರೆ ಶುರು ಮಾಡುವಂತಿಲ್ಲ. ಸೋಂಕು ತಗುಲಿದವರಲ್ಲಿ ಶೇ 15ರಿಂದ 45ರಷ್ಟು ಜನರ ದೇಹ ಆರು ತಿಂಗಳೊಳಗೆ ತಾನೇ ವೈರಸ್ಸನ್ನು ಹೊರಹಾಕುತ್ತದೆ. ಆಂಟಿಬಾಡಿ ಮಾತ್ರ ರಕ್ತದಲ್ಲಿ ಉಳಿದುಬಿಡುತ್ತದೆ. ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆಯಲ್ಲಿ, ಅಂದರೆ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆಯಲ್ಲಿ, ವೈರಸ್ ಕಂಡರಷ್ಟೇ ಚಿಕಿತ್ಸೆ.

ಆಮೇಲೆ ಸಿರೋಸಿಸ್ ಇದೆಯೇ ಎನ್ನುವ ಪ್ರಶ್ನೆ. ಇದಕ್ಕೆ ಬಯಾಪ್ಸಿ ಸೂಜಿ ಚುಚ್ಚಿಸಿಕೊಳ್ಳಬೇಕಾಗಿಲ್ಲ. ಸಾಮಾನ್ಯ ರಕ್ತ ಪರೀಕ್ಷೆಯ ಮೂರು ಅಂಕಿ ಮತ್ತು ನಿಮ್ಮ ವಯಸ್ಸು ಇದ್ದರೆ ಫಿಬ್-4 ಎಂಬ ಲೆಕ್ಕ ಹಾಕಬಹುದು. ಮೂರು ಅಂಕಿಗಳೆಂದರೆ ಲ್ಯಾಬ್ ವರದಿಯಲ್ಲಿ ಎಸ್‌ಜಿಒಟಿ ಎಂದೂ ಬರೆಯುವ ಎಎಸ್‌ಟಿ, ಎಸ್‌ಜಿಪಿಟಿ ಎಂದೂ ಬರೆಯುವ ಎಎಲ್‌ಟಿ ಮತ್ತು ಪ್ಲೇಟ್ಲೆಟ್.

ಲೆಕ್ಕ ಹೀಗೆ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಬಂದದ್ದನ್ನು ಪಕ್ಕಕ್ಕಿಡಿ. ಎಎಲ್‌ಟಿಯ ವರ್ಗಮೂಲ ತೆಗೆದು ಪ್ಲೇಟ್ಲೆಟ್ ಸಂಖ್ಯೆಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

48 ವಯಸ್ಸಿನವರೊಬ್ಬರ ಎಎಸ್‌ಟಿ 66, ಎಎಲ್‌ಟಿ 64, ಪ್ಲೇಟ್ಲೆಟ್ 1.8 ಲಕ್ಷ ಎಂದುಕೊಳ್ಳಿ. 48 × 66 = 3168. 64ರ ವರ್ಗಮೂಲ 8; 180 × 8 = 1440. 3168 ÷ 1440 = 2.2. ಸಿರೋಸಿಸ್‌ಗೆ ಇಟ್ಟಿರುವ ಗಡಿ 3.25. ಇವರು ಅದರ ಕೆಳಗೆ ಇದ್ದಾರೆ.

56 ವಯಸ್ಸಿನ ಇನ್ನೊಬ್ಬರದು ಎಎಸ್‌ಟಿ 90, ಎಎಲ್‌ಟಿ 81, ಪ್ಲೇಟ್ಲೆಟ್ 1.1 ಲಕ್ಷ. 56 × 90 = 5040. 110 × 9 = 990. ಭಾಗಿಸಿದರೆ 5.09. ಇವರನ್ನು ಸಿರೋಸಿಸ್ ಇರುವವರೆಂದೇ ಭಾವಿಸಿ ಮುಂದಿನ ಪರೀಕ್ಷೆಗೆ ಕಳಿಸಬೇಕು.

ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ನಮ್ಮ ಲ್ಯಾಬ್‌ಗಳು ಪ್ಲೇಟ್ಲೆಟ್ಟನ್ನು ಲಕ್ಷದಲ್ಲಿ ಬರೆಯುತ್ತವೆ. ಲೆಕ್ಕಕ್ಕೆ ಬೇಕಾದದ್ದು ಸಾವಿರದಲ್ಲಿ: 1.8 ಲಕ್ಷ ಎಂದರೆ 180. ಮೊಬೈಲಿನ ಕ್ಯಾಲ್ಕುಲೇಟರಿಗೆ 1.8 ಎಂದೇ ಕೊಟ್ಟರೆ ಉತ್ತರ 220 ಬರುತ್ತದೆ, ಎದೆ ಧಸಕ್ಕೆನ್ನುತ್ತದೆ. ಪೂರ್ತಿ 1,80,000 ಕೊಟ್ಟರೆ ಸೊನ್ನೆಯ ಹತ್ತಿರ ಬಂದು ಸುಳ್ಳು ನೆಮ್ಮದಿ ಕೊಡುತ್ತದೆ.

ಎಪಿಆರ್‌ಐ ಎಂಬ ಇನ್ನೊಂದು ಲೆಕ್ಕ ಇದಕ್ಕಿಂತ ಸುಲಭ. ನಿಮ್ಮ ಎಎಸ್‌ಟಿಯನ್ನು ಲ್ಯಾಬಿನ ಗರಿಷ್ಠ ಮಿತಿಯಿಂದ ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್ಲೆಟ್‌ನಿಂದ ಭಾಗಿಸಿ. ಮಿತಿ 40 ಎಂದಿಟ್ಟುಕೊಂಡರೆ ಮೊದಲನೆಯವರಿಗೆ 0.92, ಎರಡನೆಯವರಿಗೆ 2.05. ಗಡಿ 2. ಎರಡು ಲೆಕ್ಕದಲ್ಲಿ ಯಾವುದೊಂದು ಗಡಿ ದಾಟಿದರೂ ಸಿರೋಸಿಸ್ ಇರಬಹುದೆಂದೇ ನಡೆದುಕೊಳ್ಳುವುದು ಕ್ಷೇಮ.

ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬಾರದ ಸಂದರ್ಭಗಳೂ ಇವೆ. ಡೆಂಗ್ಯೂ ಬಂದಾಗ ಪ್ಲೇಟ್ಲೆಟ್ ಇಳಿದು ಎಎಸ್‌ಟಿ ಏರುತ್ತದೆ. ಎರಡೂ ಸೇರಿ ಚೆನ್ನಾಗಿರುವ ಲಿವರನ್ನೂ ಸಿರೋಸಿಸ್ ಎಂದು ತೋರಿಸುತ್ತವೆ. ಮಳೆಗಾಲದಲ್ಲಿ ಜ್ವರ ಬಂದು ಹೋದವರು ಚೇತರಿಸಿಕೊಂಡ ಮೇಲೆ ಮತ್ತೆ ರಕ್ತ ಕೊಟ್ಟು ಲೆಕ್ಕ ಹಾಕಿಸಬೇಕು. 35ಕ್ಕಿಂತ ಚಿಕ್ಕವರಲ್ಲಿ, 65 ದಾಟಿದವರಲ್ಲಿ ವಯಸ್ಸೇ ಫಿಬ್-4 ಅನ್ನು ಆಚೀಚೆ ಎಳೆಯುತ್ತದೆ. ಅನುಮಾನವಿದ್ದರೆ ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಇದೆ. 12.5 ಕಿಲೋಪಾಸ್ಕಲ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಿರೋಸಿಸ್ ಎಂದು ಓದುತ್ತಾರೆ. ಈ ಪರೀಕ್ಷೆಗೆ ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಊಟ ಮಾಡಿ ಹೋದರೆ ಲಿವರ್‌ಗೆ ರಕ್ತ ಹೆಚ್ಚು ಹರಿದು ಅಂಕಿ ಏರುತ್ತದೆ.

ಸಿರೋಸಿಸ್ ಇದೆ ಎಂದಾದರೆ ಇನ್ನೊಂದು ಮೆಟ್ಟಿಲು: ಲಿವರ್ ಹೇಗೋ ನಿಭಾಯಿಸುತ್ತಿದೆಯೇ, ಕೈಚೆಲ್ಲಿದೆಯೇ? ಇದನ್ನು ಚೈಲ್ಡ್-ಪ್ಯೂ ಅಂಕದಲ್ಲಿ ಅಳೆಯುತ್ತಾರೆ. ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ ಹೇಳುವ ಐಎನ್‌ಆರ್, ಹೊಟ್ಟೆಯಲ್ಲಿ ನೀರು, ಮಂಕು ಕವಿಯುವುದು ಎಂಬ ಐದಕ್ಕೂ 1ರಿಂದ 3ರವರೆಗೆ ಅಂಕ. ಬಿಲಿರುಬಿನ್ 2ರಿಂದ 3ರ ನಡುವೆ ಇದ್ದರೆ 2 ಅಂಕ, ಅಲ್ಬುಮಿನ್ 2.8ರಿಂದ 3.5ರ ನಡುವೆ ಇದ್ದರೆ 2 ಅಂಕ, ಐಎನ್‌ಆರ್ 1.7ಕ್ಕಿಂತ ಕಡಿಮೆ ಇದ್ದರೆ 1 ಅಂಕ. ಒಟ್ಟು 5 ಅಥವಾ 6 ಬಂದರೆ ಎ ದರ್ಜೆ, 7ರಿಂದ 9 ಬಿ, 10ರಿಂದ 15 ಸಿ. ಬಿಲಿರುಬಿನ್ 2.4, ಅಲ್ಬುಮಿನ್ 3, ಐಎನ್‌ಆರ್ 1.4, ಮಾತ್ರೆಯಿಂದ ಹತೋಟಿಯಲ್ಲಿರುವ ಹೊಟ್ಟೆನೀರು, ಮಂಕು ಇಲ್ಲ: 2 + 2 + 1 + 2 + 1 = 8. ಬಿ ದರ್ಜೆ.

ನೀರು ಮಾತ್ರೆಯಿಂದ ಹತೋಟಿಗೆ ಬಂದಿದ್ದರೂ ಅಂಕ ಬೀಳುತ್ತದೆ ಎನ್ನುವುದನ್ನು ಗಮನಿಸಿ. ಎರಡು ವರ್ಷದ ಹಿಂದೆ ಒಮ್ಮೆ ಹೊಟ್ಟೆಗೆ ನೀರು ತುಂಬಿತ್ತು, ರಕ್ತವಾಂತಿ ಆಗಿತ್ತು, ಈಗೇನೂ ಇಲ್ಲ ಎನ್ನುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಇವತ್ತಿನ ರಕ್ತದ ವರದಿ ಚೆನ್ನಾಗಿದ್ದರೂ ಹಿಂದೊಮ್ಮೆ ಲಿವರ್ ಕೈಚೆಲ್ಲಿದ್ದರೆ ಚಿಕಿತ್ಸೆಯ ದಾರಿ ಬದಲಾಗುತ್ತದೆ. ಹಳೆಯ ಡಿಸ್ಚಾರ್ಜ್ ಕಾರ್ಡ್ ಹುಡುಕಿ ತೆಗೆದುಕೊಂಡು ಹೋಗಿ.

ಯಾರಿಗೆ ಎಷ್ಟು

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಕರ್ನಾಟಕದವರು ಮೊದಲು ವಿಚಾರಿಸಬೇಕಾದ ಜಾಗ ಜಿಲ್ಲಾ ಆಸ್ಪತ್ರೆ. ಕಾರ್ಯಕ್ರಮದ ಅವಧಿ ಲೆಕ್ಕ ಮೂರು ಕವಲಿನದು.

ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ 400 ಮಿಲಿಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 84 ದಿನ.

ಸಿರೋಸಿಸ್ ಇದ್ದು ಲಿವರ್ ನಿಭಾಯಿಸುತ್ತಿರುವ ಎ ದರ್ಜೆಯವರಿಗೆ ಸೊಫೊಸ್ಬುವಿರ್ 400 ಮತ್ತು ವೆಲ್ಪಾಟಾಸ್ವಿರ್ 100 ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 84 ದಿನ.

ಬಿ ಮತ್ತು ಸಿ ದರ್ಜೆಯವರಿಗೆ ಅದೇ ವೆಲ್ಪಾಟಾಸ್ವಿರ್ ಜೋಡಿಯ ಜೊತೆ ರೈಬಾವಿರಿನ್, 84 ದಿನ. ರೈಬಾವಿರಿನ್ ಒಗ್ಗದಿದ್ದರೆ ಅದನ್ನು ಬಿಟ್ಟು ವೆಲ್ಪಾಟಾಸ್ವಿರ್ ಜೋಡಿಯನ್ನೇ 168 ದಿನ. ಇವರ ಚಿಕಿತ್ಸೆ ನಡೆಯಬೇಕಾದದ್ದು ತಜ್ಞರಿರುವ ಮಾದರಿ ಚಿಕಿತ್ಸಾ ಕೇಂದ್ರದಲ್ಲಿ.

ಸಿರೋಸಿಸ್ ಇದ್ದವರಿಗೆ ಡಕ್ಲಾಟಾಸ್ವಿರ್ ಬಿಟ್ಟು ವೆಲ್ಪಾಟಾಸ್ವಿರ್ ಏಕೆ ಎಂದರೆ ಜೀನೋಟೈಪ್ 3. ಆಲೈ-3 ಎಂಬ ಅಧ್ಯಯನದಲ್ಲಿ ಜೀನೋಟೈಪ್ 3 ಇದ್ದವರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ 12 ವಾರ ಕೊಟ್ಟರು. ಸಿರೋಸಿಸ್ ಇಲ್ಲದವರಲ್ಲಿ ಶೇ 96 ಮಂದಿ ಗುಣವಾದರು, ಸಿರೋಸಿಸ್ ಇದ್ದವರಲ್ಲಿ ಶೇ 63 ಮಾತ್ರ. ಅದೇ ಮಾತ್ರೆ, ಅದೇ 12 ವಾರ, ಲಿವರ್ ಬೇರೆ. ಸಿರೋಸಿಸ್ ಇದೆಯೇ ಇಲ್ಲವೇ ಎಂದು ನೋಡದೆ ‘ಎಲ್ಲರಿಗೂ ಮೂರು ಡಬ್ಬಿ’ ಎಂದು ಕೊಡುವುದು ಏಕೆ ತಪ್ಪು ಎನ್ನುವುದಕ್ಕೆ ಇಷ್ಟು ಸಾಕು. ವೆಲ್ಪಾಟಾಸ್ವಿರ್ ಸಿಗದ ಕಡೆ ಸಿರೋಸಿಸ್ ಇದ್ದವರಿಗೆ ಡಕ್ಲಾಟಾಸ್ವಿರ್ ಜೋಡಿಯನ್ನೇ 24 ವಾರಕ್ಕೆ ಹಿಗ್ಗಿಸಿ ಕೊಡಬೇಕೆಂದು 2018ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳಿದ್ದೂ ಇದಕ್ಕೇ.

ರೈಬಾವಿರಿನ್ ಸೇರಿಸುವುದರ ಬೆಲೆ ಆಸ್ಟ್ರಲ್-4 ಅಧ್ಯಯನದಲ್ಲಿ ಕಾಣುತ್ತದೆ. ಲಿವರ್ ಕೈಚೆಲ್ಲಿದವರಿಗೆ ವೆಲ್ಪಾಟಾಸ್ವಿರ್ ಜೋಡಿ 12 ವಾರ ಕೊಟ್ಟಾಗ ಶೇ 83, ಅದನ್ನೇ 24 ವಾರ ಕೊಟ್ಟಾಗ ಶೇ 86, ರೈಬಾವಿರಿನ್ ಸೇರಿಸಿ 12 ವಾರ ಕೊಟ್ಟಾಗ ಶೇ 94 ಗುಣ. ಅವಧಿ ದುಪ್ಪಟ್ಟು ಮಾಡಿದ್ದಕ್ಕಿಂತ ಇನ್ನೊಂದು ಔಷಧ ಸೇರಿಸಿದ್ದು ಹೆಚ್ಚು ಕೆಲಸ ಮಾಡಿತು. ರೈಬಾವಿರಿನ್ ಸುಸ್ತು ಮಾಡುತ್ತದೆ, ನಿಜ. ಆದರೂ ‘ಅದು ಬೇಡ, ಆರು ತಿಂಗಳೇ ತೆಗೆದುಕೊಳ್ಳುತ್ತೇನೆ’ ಎಂದು ರೋಗಿ ತಾನೇ ತೀರ್ಮಾನಿಸುವುದು ಒಳ್ಳೆಯ ವ್ಯಾಪಾರವಲ್ಲ.

ರೈಬಾವಿರಿನ್ ಪ್ರಮಾಣ ತೂಕದ ಮೇಲೆ: 75 ಕಿಲೋಗಿಂತ ಕಡಿಮೆ ಇದ್ದವರಿಗೆ ದಿನಕ್ಕೆ 1000 ಮಿಲಿಗ್ರಾಂ, 75 ಅಥವಾ ಹೆಚ್ಚು ಇದ್ದವರಿಗೆ 1200. ಎರಡು ಹೊತ್ತಿಗೆ ಹಂಚಿ, ಊಟದ ಜೊತೆ. ಸಿ ದರ್ಜೆಯವರಿಗೆ 600ರಿಂದ ಶುರು ಮಾಡಿ, ತಡೆದುಕೊಂಡರೆ ಏರಿಸುತ್ತಾರೆ. ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಆದ್ದರಿಂದ ಶುರುವಾದ ಎರಡನೇ ವಾರ, ನಾಲ್ಕನೇ ವಾರ, ಆಮೇಲೆ ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಿಸಬೇಕು. 10ಕ್ಕಿಂತ ಕೆಳಗಿಳಿದರೆ ಪ್ರಮಾಣ ಇಳಿಸುತ್ತಾರೆ, 8.5ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು, ಎದೆ ಹಿಡಿದಂತಾಗುವುದು ಕಂಡರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯಬೇಡಿ. ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ಕಾಯಿಲೆ ಇದ್ದವರಿಗೆ ಇದನ್ನು ಕೊಡುವುದಿಲ್ಲ. ಇದು ಹೊಟ್ಟೆಯಲ್ಲಿರುವ ಮಗುವಿಗೆ ಅಂಗವೈಕಲ್ಯ ತರುತ್ತದೆ. ಗಂಡ ಹೆಂಡತಿಯಲ್ಲಿ ಮಾತ್ರೆ ತೆಗೆದುಕೊಳ್ಳುವವರು ಯಾರೇ ಆಗಿರಲಿ, ಚಿಕಿತ್ಸೆಯ ಉದ್ದಕ್ಕೂ, ಮುಗಿದ ಮೇಲೂ (ಗಂಡ ತೆಗೆದುಕೊಂಡಿದ್ದರೆ ಆರು ತಿಂಗಳು, ಹೆಂಡತಿ ತೆಗೆದುಕೊಂಡಿದ್ದರೆ ಒಂಬತ್ತು ತಿಂಗಳು) ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಡಯಾಲಿಸಿಸ್‌ನಲ್ಲಿರುವವರಿಗೆ ಸೊಫೊಸ್ಬುವಿರ್ ಕೊಡಬಾರದೆಂಬ ಮಾತು ಮೊದಲು ಇತ್ತು. 2019ರ ನಂತರ ಅದು ಬದಲಾಗಿದೆ. ಅವರಿಗೂ ಅದೇ ಪ್ರಮಾಣ, ಅದೇ ಅವಧಿ. ರೈಬಾವಿರಿನ್ ಬೇಕಾದರೆ ಮಾತ್ರ ಪ್ರಮಾಣ ಬಹಳ ಇಳಿಸಬೇಕಾಗುತ್ತದೆ. ಬಸುರಿಯರಿಗೆ ಹೆರಿಗೆ ಆಗಿ ಹಾಲು ಬಿಡಿಸುವ ತನಕ ಸಾಮಾನ್ಯವಾಗಿ ಕಾಯಿಸುತ್ತಾರೆ.

ಮೊದಲ ಮಾತ್ರೆಗೆ ಮುಂಚೆ

ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಂದದ್ದು, ಗಿಡಮೂಲಿಕೆಯದು ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸುರಿಯಿರಿ. ಬಾಯಲ್ಲಿ ಹೇಳಿದರೆ ಮುಖ್ಯವಾದದ್ದೇ ಮರೆತುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನರಿಗೆ ತಾಗುವುದು ಗ್ಯಾಸ್ಟ್ರಿಕ್ ಮಾತ್ರೆ. ವೆಲ್ಪಾಟಾಸ್ವಿರ್ ಕರಗಬೇಕಾದರೆ ಹೊಟ್ಟೆಯಲ್ಲಿ ಹುಳಿ ಇರಬೇಕು. ಬೆಳಗ್ಗೆ ಎದ್ದೊಡನೆ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ನುಂಗುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ, ಯಾರೂ ಅದನ್ನು ಔಷಧವೆಂದೇ ಎಣಿಸುವುದಿಲ್ಲ. ಆ ಹುಳಿ ಇಲ್ಲದ ಹೊಟ್ಟೆಗೆ ಬಿದ್ದ ವೆಲ್ಪಾಟಾಸ್ವಿರ್ ಪೂರ್ತಿ ರಕ್ತಕ್ಕೆ ಸೇರದೆ ಹೋಗುತ್ತದೆ. 84 ದಿನ ಒಂದೂ ತಪ್ಪದೆ ನುಂಗಿಯೂ ಕಡಿಮೆ ಔಷಧ ಪಡೆದಂತಾಗುತ್ತದೆ. ಆ 12 ವಾರ ಗ್ಯಾಸ್ಟ್ರಿಕ್ ಮಾತ್ರೆ ಬಿಡಲು ಆಗುವುದಾದರೆ ಅದೇ ಒಳ್ಳೆಯದು. ಬಿಡಲಾಗದಿದ್ದರೆ ವೆಲ್ಪಾಟಾಸ್ವಿರ್ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡು, ನಾಲ್ಕು ಗಂಟೆ ಬಿಟ್ಟು ಒಮೆಪ್ರಜೋಲ್ 20 ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಸಿರಪ್ಪಿಗೂ ನಾಲ್ಕು ಗಂಟೆ ಅಂತರ ಬೇಕು. ಡಕ್ಲಾಟಾಸ್ವಿರ್ ಜೋಡಿಗೆ ಈ ತೊಂದರೆ ಇಲ್ಲ.

ಹೃದಯದ ಬಡಿತ ತಪ್ಪುವುದಕ್ಕೆ ಕೊಡುವ ಅಮಿಯೊಡಾರೋನ್ ಜೊತೆ ಸೊಫೊಸ್ಬುವಿರ್ ಸೇರಿದರೆ ಬಡಿತ ಅಪಾಯಕಾರಿಯಾಗಿ ಇಳಿಯಬಹುದು. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಅದು ದೇಹದಲ್ಲಿ ಇರುತ್ತದೆ, ಆದ್ದರಿಂದ ‘ಹೋದ ತಿಂಗಳೇ ಬಿಟ್ಟೆ’ ಎನ್ನುವವರೂ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಇವು ವೈರಸ್ ಮಾತ್ರೆಯನ್ನು ದೇಹದಿಂದ ಬೇಗ ಓಡಿಸಿಬಿಡುತ್ತವೆ. ಕ್ಷಯದ ಚಿಕಿತ್ಸೆ ಮುಗಿಸಿಕೊಂಡೇ ಇದಕ್ಕೆ ಬರುವುದು ವಾಡಿಕೆ. ಫಿಟ್ಸ್ ಇರುವವರಿಗೆ ನರರೋಗ ತಜ್ಞರು ಬೇರೆ ಮಾತ್ರೆಗೆ ಬದಲಿಸಿ ಕೊಡುತ್ತಾರೆ, ತಾವಾಗಿ ನಿಲ್ಲಿಸಬಾರದು. ಎಚ್‌ಐವಿಗೆ ಎಫವಿರೆಂಜ್ ತೆಗೆದುಕೊಳ್ಳುತ್ತಿದ್ದರೆ ಡಕ್ಲಾಟಾಸ್ವಿರ್ 60 ಸಾಲದು, 90 ಬೇಕು. ವೆಲ್ಪಾಟಾಸ್ವಿರ್ ಅಂತೂ ಅದರ ಜೊತೆ ಕೂಡದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಐಎನ್‌ಆರ್ ಪದೇಪದೇ ನೋಡಿಸಬೇಕು. ಸಕ್ಕರೆ ಕಾಯಿಲೆಯವರಿಗೆ ವೈರಸ್ ಇಳಿದಂತೆ ಶುಗರ್ ಕೂಡ ಇಳಿಯಬಹುದು, ಹಳೆಯ ಪ್ರಮಾಣದ ಇನ್ಸುಲಿನ್ ಆಗ ಹೆಚ್ಚಾಗುತ್ತದೆ.

ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸದೆ ಶುರು ಮಾಡಬಾರದು. ಎರಡೂ ವೈರಸ್ ಇರುವವರಲ್ಲಿ ಸಿ ವೈರಸ್ ಹೋದ ಕೂಡಲೇ ಅಡಗಿದ್ದ ಬಿ ವೈರಸ್ ತಲೆಯೆತ್ತಿ ಲಿವರನ್ನು ಕೆಡಿಸಿದ ಪ್ರಕರಣಗಳಿವೆ, ಸಾವೂ ಸಂಭವಿಸಿವೆ.

ಇನ್ನು ನಾಟಿ ಔಷಧಿ. ಕಾಮಾಲೆ ಎಂದರೆ ನೆಲನೆಲ್ಲಿ ರಸ, ಪಥ್ಯ ಎಂದು ನಮ್ಮಲ್ಲಿ ತಲೆತಲಾಂತರದ ನಂಬಿಕೆ. ಹೆಪಟೈಟಿಸ್ ಸಿ ಬಹುಪಾಲು ಜನರಲ್ಲಿ ಕಾಮಾಲೆಯಾಗಿ ಕಾಣಿಸಿಕೊಳ್ಳುವುದೇ ಇಲ್ಲ, ಸದ್ದಿಲ್ಲದೆ ಇಪ್ಪತ್ತು ವರ್ಷ ಲಿವರ್ ತಿನ್ನುತ್ತದೆ. ನೆಲನೆಲ್ಲಿಯಿಂದ ಈ ವೈರಸ್ ಹೋಗುವುದಿಲ್ಲ. ಅಮೃತಬಳ್ಳಿ ಕಷಾಯದಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಚಿಕಿತ್ಸೆಯ ಅವಧಿಯಲ್ಲಿ ಇವೆಲ್ಲ ಬೇಡ. ಸಾರಾಯಿಯೂ ಬೇಡ, ಆದರೆ ಕುಡಿತ ಬಿಡಲು ಆಗಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆಯಿಂದ ದೂರ ಉಳಿಯಬೇಡಿ, ಯಾರನ್ನೂ ಹಾಗೆ ವಾಪಸು ಕಳಿಸಲೂಬಾರದು.

ಗೋಡೆ ಕ್ಯಾಲೆಂಡರ್ ಮತ್ತು ಡಬ್ಬಿ

ತಿಥಿ ನಕ್ಷತ್ರ ಇರುವ ಗೋಡೆ ಕ್ಯಾಲೆಂಡರ್ ಎಲ್ಲರ ಮನೆಯಲ್ಲೂ ಇರುತ್ತದೆ. ಶುರು ಮಾಡಿದ ದಿನಕ್ಕೆ 1 ಎಂದು ಬರೆಯಿರಿ, ದಿನವೂ ಮಾತ್ರೆ ನುಂಗಿದ ಮೇಲೆ ಮುಂದಿನ ಸಂಖ್ಯೆ ಬರೆಯುತ್ತ ಹೋಗಿ. ಮೊದಲೇ 84ರವರೆಗೆ ಬರೆದಿಟ್ಟುಬಿಡಬೇಡಿ. ನುಂಗಿದ ಮೇಲೆ ಬರೆದರೆ ಕ್ಯಾಲೆಂಡರಿನ ಕೊನೆಯ ಸಂಖ್ಯೆಯೂ ಡಬ್ಬಿಯಲ್ಲಿ ಉಳಿದ ಮಾತ್ರೆಯೂ ಸೇರಿ ಯಾವಾಗಲೂ 28ರ ಲೆಕ್ಕಕ್ಕೆ ಕೂಡಬೇಕು. 17 ಎಂದು ಬರೆದ ದಿನ ಡಬ್ಬಿಯಲ್ಲಿ 11 ಇರಬೇಕು. 12 ಇದ್ದರೆ ಒಂದು ತಪ್ಪಿದೆ, 10 ಇದ್ದರೆ ಒಂದು ದಿನ ಎರಡು ನುಂಗಿದ್ದೀರಿ. ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ ಎರಡು ಬೇರೆ ಡಬ್ಬಿಯಲ್ಲಿ ಬಂದಿದ್ದರೆ ಭಾನುವಾರಕ್ಕೊಮ್ಮೆ ಎರಡನ್ನೂ ಎಣಿಸಿ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಇದ್ದರೆ ಎಲ್ಲೋ ಒಂದನ್ನಷ್ಟೇ ನುಂಗಿದ ದಿನ ಇದೆ. ಒಂದೇ ಔಷಧದಿಂದ ಈ ವೈರಸ್ಸನ್ನು ಗೆಲ್ಲಲಾಗದು.

ಹೊಸ ಡಬ್ಬಿ ತರಲು 22 ಅಥವಾ 23ನೇ ಮಾತ್ರೆಯ ದಿನವೇ ಹೊರಡಿ. ಹಬ್ಬದ ರಜೆ, ಬಸ್ ಮುಷ್ಕರ, ಸ್ಟಾಕ್ ಬಂದಿಲ್ಲ ಎಂಬ ಉತ್ತರ, ಇವಕ್ಕೆಲ್ಲ ಐದು ದಿನದ ಜಾಗ ಉಳಿಯುತ್ತದೆ.

ಹೊತ್ತು ಯಾವುದಾದರೂ ಆಗಬಹುದು, ದಿನವೂ ಅದೇ ಹೊತ್ತಾಗಿರಲಿ. ವೆಲ್ಪಾಟಾಸ್ವಿರ್ ಜೊತೆ ಗ್ಯಾಸ್ಟ್ರಿಕ್ ಮಾತ್ರೆ ಬಿಡಲಾಗದವರ ಹೊರತು, ಊಟಕ್ಕೆ ಮುಂಚೆ, ನಂತರ ಎಂಬ ನಿಯಮ ಈ ಎರಡು ಜೋಡಿಗೂ ಇಲ್ಲ. ಕಹಿ ಇರುವುದರಿಂದ ಅಗಿಯದೆ, ಪುಡಿ ಮಾಡದೆ ಇಡಿಯಾಗಿ ನುಂಗಿ. ತಲೆನೋವು, ಸುಸ್ತು, ವಾಕರಿಕೆ ಮೊದಲ ವಾರಗಳಲ್ಲಿ ಸ್ವಲ್ಪ ಇರಬಹುದು. ಮಾತ್ರೆ ನಿಲ್ಲಿಸುವಷ್ಟು ತೊಂದರೆ ಆಗುವುದು ತೀರ ಅಪರೂಪ.

ವೆಲ್ಪಾಟಾಸ್ವಿರ್ ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಆಗ ಡಬ್ಬಿ ಒಂದು ದಿನ ಮೊದಲೇ ಖಾಲಿಯಾಗುತ್ತದೆ, ಮುಂದಿನ ಬಾರಿ ಹೋದಾಗ ಹೇಳಿ ಆ ಒಂದನ್ನು ಕೇಳಿ ಪಡೆಯಿರಿ. ಮರೆತು ಹೋಗಿ 18 ಗಂಟೆಯೊಳಗೆ ನೆನಪಾದರೆ ಕೂಡಲೇ ನುಂಗಿ. 18 ಗಂಟೆ ದಾಟಿದರೆ ಅದನ್ನು ಬಿಟ್ಟು ಮುಂದಿನ ಹೊತ್ತಿಗೆ ಒಂದೇ ನುಂಗಿ, ಎರಡು ಬೇಡ. ಬಿಟ್ಟುಹೋದ ಮಾತ್ರೆಯನ್ನು ಮನೆಯಲ್ಲಿ ಉಳಿಸಬೇಡಿ. 84ನೆಯದು ಮುಗಿಯುವ ತನಕ ಮುಂದುವರಿಸಿ, ಕೊನೆಯ ದಿನ ಒಂದೆರಡು ದಿನ ಮುಂದೆ ಹೋಗಲಿ.

ಹಲವು ದಿನ ತಪ್ಪಿದರೆ ಏನು? ಅಮೆರಿಕದ ಲಿವರ್ ತಜ್ಞರ ಮಾರ್ಗಸೂಚಿಯಲ್ಲಿ ಇದಕ್ಕೆ ಸ್ಪಷ್ಟ ದಾರಿ ಇದೆ. ಏಳು ದಿನದವರೆಗೆ ತಪ್ಪಿದ್ದರೆ ತಕ್ಷಣ ಮತ್ತೆ ಶುರು ಮಾಡಿ ಉಳಿದದ್ದನ್ನು ಮುಗಿಸುವುದು. ಮೊದಲ 28 ದಿನದೊಳಗೆ ಎಂಟು ದಿನ ಅಥವಾ ಹೆಚ್ಚು ತಪ್ಪಿದರೆ ಮತ್ತೆ ಶುರು ಮಾಡಿ, ಆರ್‌ಎನ್‌ಎ ಪರೀಕ್ಷೆ ಮಾಡಿಸಿ, ವೈರಸ್ ಇನ್ನೂ ಇದ್ದರೆ ನಾಲ್ಕು ವಾರ ಹೆಚ್ಚಿಸುವುದು. ಇಲ್ಲದಿದ್ದರೂ ಜೀನೋಟೈಪ್ 3 ಅಥವಾ ಸಿರೋಸಿಸ್ ಇದ್ದವರಿಗೆ ನಾಲ್ಕು ವಾರ ಹೆಚ್ಚಿಸುವ ಬಗ್ಗೆ ಯೋಚಿಸುವುದು. 28 ದಿನ ದಾಟಿದ ಮೇಲೆ ಎಂಟರಿಂದ ಇಪ್ಪತ್ತು ದಿನ ಸತತ ತಪ್ಪಿ, ಪರೀಕ್ಷೆಯಲ್ಲಿ ವೈರಸ್ ಕಂಡರೆ ಆ ಚಿಕಿತ್ಸೆ ನಿಲ್ಲಿಸಿ ಬೇರೆಯದು ಯೋಜಿಸುವುದು. 21 ದಿನ ಅಥವಾ ಹೆಚ್ಚು ತಪ್ಪಿದರೆ ನಿಲ್ಲಿಸಿ, 12 ವಾರ ಕಾದು ಪರೀಕ್ಷೆ ಮಾಡಿಸುವುದು. ಈ ತೀರ್ಮಾನ ವೈದ್ಯರದು. ನಿಮ್ಮ ಕೆಲಸ ಎಷ್ಟು ದಿನ ತಪ್ಪಿತು ಎಂದು ಮುಚ್ಚಿಡದೆ ಹೇಳುವುದು. ಬೈಯುತ್ತಾರೆಂದು ‘ಎರಡೇ ದಿನ’ ಎಂದರೆ ಲೆಕ್ಕವೆಲ್ಲ ತಪ್ಪುತ್ತದೆ.

ನಾಲ್ಕನೇ ವಾರದ ನೆಗೆಟಿವ್

ಕೆಲವರು ಖಾಸಗಿಯಾಗಿ ನಾಲ್ಕನೇ ವಾರಕ್ಕೇ ವೈರಲ್ ಲೋಡ್ ಮಾಡಿಸುತ್ತಾರೆ. ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ವೈರಸ್ ಹೋಯಿತಲ್ಲ, ಇನ್ನೇಕೆ ಮಾತ್ರೆ ಎಂದು ನಿಲ್ಲಿಸಿಬಿಡುತ್ತಾರೆ. ಇದಕ್ಕಿಂತ ದುಬಾರಿ ತಪ್ಪು ಈ ಚಿಕಿತ್ಸೆಯಲ್ಲಿ ಇನ್ನೊಂದಿಲ್ಲ. ಆ ವರದಿ ಹೇಳುವುದು ರಕ್ತದ ಮಾತು, ಲಿವರ್ ಜೀವಕೋಶದ ಒಳಗಿನದಲ್ಲ. ಉಳಿದ ಎಂಟು ವಾರ ಇರುವುದು ಆ ಕೋಶಗಳಿಗಾಗಿ. ಮಧ್ಯೆ ಬಿಟ್ಟರೆ ಉಳಿದ ವೈರಸ್ ಮತ್ತೆ ಬೆಳೆಯುತ್ತದೆ. ಹಾಗೆ ಬೆಳೆದದ್ದು ಡಕ್ಲಾಟಾಸ್ವಿರ್, ವೆಲ್ಪಾಟಾಸ್ವಿರ್ ಗುಂಪಿನ ಔಷಧಕ್ಕೆ ಬಗ್ಗದ ರೂಪಾಂತರವಾಗಿರಬಹುದು, ಆ ಗುಣ ವರ್ಷಗಟ್ಟಲೆ ಉಳಿಯುತ್ತದೆ.

ತದ್ವಿರುದ್ಧ ತಪ್ಪೂ ಇದೆ. ಸಿರೋಸಿಸ್ ಇಲ್ಲದವರು ‘ಇನ್ನೊಂದು ಡಬ್ಬಿ ಇರಲಿ, ಗ್ಯಾರಂಟಿಗೆ’ ಎಂದು ದುಡ್ಡು ಕೊಟ್ಟು ನಾಲ್ಕನೆಯದು ಕೊಳ್ಳುವುದು. ನೂರಕ್ಕೆ 96 ಮಂದಿ ಮೂರರಲ್ಲೇ ಗುಣವಾಗುವಾಗ ನಾಲ್ಕನೆಯದರಿಂದ ಸಿಗುವುದು ಏನೂ ಇಲ್ಲ. ಎಎಲ್‌ಟಿ ಇನ್ನೂ ಸ್ವಲ್ಪ ಹೆಚ್ಚಿದೆ ಎನ್ನುವುದು ಮಾತ್ರೆ ಮುಂದುವರಿಸಲು ಕಾರಣವಲ್ಲ. ಕೊಬ್ಬಿನ ಲಿವರ್, ಮದ್ಯ, ಬೇರೆ ಮಾತ್ರೆಗಳಿಂದಲೂ ಅದು ಏರುತ್ತದೆ.

ಮುಗಿದ ಮೇಲೆ

ಗುಣವಾಯಿತೇ ಎಂದು ತಿಳಿಯುವುದು ಕೊನೆಯ ಮಾತ್ರೆಯ ದಿನ ಅಲ್ಲ, ಅಲ್ಲಿಂದ ಇನ್ನೂ 12 ವಾರ ಕಳೆದ ಮೇಲೆ. ಜನವರಿ 1ರಂದು ಶುರು ಮಾಡಿ ಒಂದೂ ತಪ್ಪಿಸದಿದ್ದರೆ, ಫೆಬ್ರವರಿಗೆ 28 ದಿನ ಇರುವ ವರ್ಷದಲ್ಲಿ, 84ನೇ ಮಾತ್ರೆ ಮಾರ್ಚ್ 25ಕ್ಕೆ ಬರುತ್ತದೆ. ಪರೀಕ್ಷೆ ಜೂನ್ 17ಕ್ಕೆ ಅಥವಾ ಅದರ ನಂತರ. ಆ ದಿನಾಂಕವನ್ನು ಮೊದಲ ಡಬ್ಬಿ ತೆರೆದ ದಿನವೇ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಮಾತ್ರೆ ತಪ್ಪಿದರೆ ಮುಂದೂಡಿ. ಮಾತ್ರೆ ಮುಗಿದು ಮೈ ಹಗುರಾದ ಮೇಲೆ ಈ ಪರೀಕ್ಷೆಗೆ ಬಾರದವರು ತುಂಬ ಜನ. ಕೂಲಿ ಬಿಟ್ಟು ಮತ್ತೆ ಜಿಲ್ಲಾ ಕೇಂದ್ರಕ್ಕೆ ಬರುವ ಕಷ್ಟ ನಿಜವಾದದ್ದೇ. ಆದರೂ ಬನ್ನಿ. ಆ ಒಂದು ವರದಿ ಇಲ್ಲದೆ ಇಷ್ಟು ದಿನದ ಶ್ರಮ ಫಲಿಸಿತೇ ಎಂದು ಯಾರೂ ಹೇಳಲಾರರು.

ಆರ್‌ಎನ್‌ಎ ಪತ್ತೆಯಾಗದಿದ್ದರೆ ವೈರಸ್ ಹೋಗಿದೆ. ಈ ವೈರಸ್ ಹೆಪಟೈಟಿಸ್ ಬಿ ಹಾಗೆ ಕೋಶದ ಬೀಜಕ್ಕೆ ಹೊಕ್ಕು ಅವಿತುಕೊಳ್ಳುವುದಿಲ್ಲ, ಆದ್ದರಿಂದ ಹೋದದ್ದು ತಾನಾಗಿ ಮರಳುವುದು ಬಲು ಅಪರೂಪ. ಹೊಸ ಸೋಂಕು ಮಾತ್ರ ತಗುಲಬಹುದು: ಇದಕ್ಕೆ ಲಸಿಕೆಯಿಲ್ಲ, ಒಮ್ಮೆ ಬಂದು ಹೋದದ್ದರಿಂದ ರಕ್ಷಣೆಯೂ ಇಲ್ಲ. ರೇಜರ್, ಉಗುರು ಕತ್ತರಿ, ಟೂತ್ ಬ್ರಷ್ ನಿಮ್ಮದು ನಿಮಗೇ ಇರಲಿ. ಇಂಜೆಕ್ಷನ್ನಿಗೆ ಹೊಸ ಸೂಜಿಯ ಜೊತೆ ಹೊಸ ಸಿರಿಂಜನ್ನೂ ಕಣ್ಣೆದುರೇ ಬಿಚ್ಚಿಸಿ. ತಟ್ಟೆ, ಲೋಟ, ಅಪ್ಪುಗೆಯಿಂದ ಇದು ಹರಡುವುದಿಲ್ಲ.

ವೈರಸ್ ಕಂಡರೆ ಅದೇ ಮೂರು ಡಬ್ಬಿಯನ್ನು ಇನ್ನೊಮ್ಮೆ ತಂದು ನುಂಗುವುದು ಸರಿಯಲ್ಲ. ಮಾದರಿ ಚಿಕಿತ್ಸಾ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ವೆಲ್ಪಾಟಾಸ್ವಿರ್ ಜೋಡಿಗೆ ರೈಬಾವಿರಿನ್ ಸೇರಿಸಿ 24 ವಾರ ಕೊಡುವ ದಾರಿ ಇದೆ. ವಾಕ್ಸಿಲಾಪ್ರೆವಿರ್ ಸೇರಿದ ಮೂರು ಔಷಧಗಳ ಮಾತ್ರೆ ಸಿಗುವ ಕಡೆ 12 ವಾರ ಸಾಕು, ಆದರೆ ಲಿವರ್ ಕೈಚೆಲ್ಲಿದವರಿಗೆ ಆ ಮಾತ್ರೆ ನಿಷಿದ್ಧ.

ಸಿರೋಸಿಸ್ ಇದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು. ಲಿವರ್ ಕ್ಯಾನ್ಸರ್ ಸಾಧ್ಯತೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಗುಣವಾದ ಖುಷಿಯಲ್ಲಿ ಇದು ಕೈತಪ್ಪುವುದೇ ಹೆಚ್ಚು.

12 ವಾರದ ಆ ವರದಿಯನ್ನು ಲ್ಯಾಮಿನೇಟ್ ಮಾಡಿಸಿ, ಮೊಬೈಲಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ. ಮುಂದೆ ಕಣ್ಣಿನ ಪೊರೆ, ಹಲ್ಲು, ಹೆರಿಗೆ, ಯಾವ ಆಪರೇಷನ್‌ಗೆ ಹೋದರೂ ಮೊದಲು ಮಾಡುವುದು ಆಂಟಿಬಾಡಿ ಪರೀಕ್ಷೆ, ಅದು ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಎಂದೇ ಬರುತ್ತದೆ. ಆಗ ಹಳೆಯ ವರದಿ ತೋರಿಸಿ, ಬೇಕಾದರೆ ಆರ್‌ಎನ್‌ಎ ಪರೀಕ್ಷೆ ಮಾಡಿ ಎಂದು ಕೇಳಿ. ಪಾಸಿಟಿವ್ ಎಂಬ ಒಂದೇ ಪದ ನೋಡಿ ಯಾರಾದರೂ ಮತ್ತೆ ಮೂರು ಡಬ್ಬಿ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ.